ಬೈರಮ್ಮ ಓದಿಸಿದ ಮುಯ್ಯಿ

ಬೈರಮ್ಮ ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯ ಬೆದ್ದಲು ಸೀಮೆಯಲ್ಲಿ. ರಾಗಿ, ಹುರುಳಿ, ಹುಚ್ಚೆಳ್ಳು ಬಿಟ್ಟರೆ ಬೇರೆ ಬೆಳೆ ಕಂಡವಳಲ್ಲ. ಮಂಚಯ್ಯನ ಹೆಂಡತಿಯಾಗಿ ಕಿರಂಗೂರಿಗೆ ಎರಡು ಮೈಲಿ ದೂರದ ಈ ಕೊಪ್ಪಲಿಗೆ ಬಂದಾಗ ಅವಳಿಗೆ ಹದಿನೇಳು. ಇಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ನಾಲೆ ನೀರು, ಭತ್ತದ ಗದ್ದೆ. ಮೊದಲ ವರ್ಷ ನಾಟಿಗೆಂದು ಇಳಿದವಳು ಕೆಸರಿನಿಂದ ಕಾಲು ಕೀಳಲಾರದೆ ಮುಗ್ಗರಿಸಿ ಬಿದ್ದಳು. ಸಾಲು ಹಿಡಿದಿದ್ದ ಹೆಂಗಸರು ಪೈರು ಕೈಬಿಟ್ಟು ನಕ್ಕರು. "ಬೆದ್ಲು ಸೀಮೆ ಎಮ್ಮೆ ಕಣ್ರೇ, ಕೆಸ್ರು ಕಂಡ ಖುಸೀಲಿ ಒಳ್ಳಾಡ್ತಾ ಅದೆ" ಎಂದಳು ಒಬ್ಬಳು.

"ನಗಬ್ಯಾಡ್ರೇ. ನಿಮ್ಮವ್ವಂದಿರು ನಿಮ್ನೆಲ್ಲಾ ಕೆಸ್ರಲ್ಲೇ ಎತ್ತವ್ರಾ?" ಎಂದು ಗದರಿದವಳು ಪಕ್ಕದ ಗದ್ದೆಯ ಸಿದ್ದಲಿಂಗಮ್ಮ. ಆಕೆ ಹುಡುಗಿಯ ಮುಖ ತೊಳೆಸಿ, ಕೈಗೆ ನಾಲ್ಕು ಎಳೆ ಪೈರು ಕೊಟ್ಟಳು. "ಒತ್ತಿ ತುರುಕ್ಬ್ಯಾಡ ಕಣವ್ವ, ಬೇರು ಮಡಚ್ಕೊಳ್ತದೆ. ಬೆರಳ್ ಸಂದೀಲಿ ಇಡ್ಕಂಡು ಮೆತ್ಗೆ ಊರಿ ಬುಡು. ಭೂಮ್ತಾಯಿ ತಾನೇ ಇಡ್ಕತ್ತಾಳೆ." ಹೇಳಿಕೊಟ್ಟದ್ದು ಅಷ್ಟೇ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಬೈರಮ್ಮ ಊರಿನ ನಾಟಿ ಸಾಲಿಗೆ ಮೊದಲ ಆಳಾದಳು. ಅವಳು ಹಿಂದೆ ಹಿಂದೆ ಹೆಜ್ಜೆ ಹಾಕಿದಂತೆ ಉಳಿದವರ ಕೈ ಆಡುತ್ತಿತ್ತು. ಯಾರ ಗದ್ದೆ ಮೊದಲು, ಯಾರದು ಆಮೇಲೆ ಎಂದು ತೀರ್ಮಾನ ಮಾಡುವವಳೂ ಅವಳೇ.

ಈ ತೀರ್ಮಾನಕ್ಕೆಲ್ಲ ಆಧಾರ ಒಂದೇ ಮಾತು, ಮುಯ್ಯಿ. ಇವತ್ತು ನನ್ನ ಗದ್ದೆಗೆ ನೀನು ಬಂದು ಬೆನ್ನು ಬಗ್ಗಿಸಿದೆ, ನಾಳೆ ನಿನ್ನ ಗದ್ದೆಗೆ ನಾನು ಬಂದು ಬಗ್ಗಿಸುತ್ತೇನೆ. ಕೂಲಿಯ ಮಾತೇ ಇಲ್ಲ. ಹಾಗೆ ಬಂದವಳು ಮುಯ್ಯಾಳು. ಮದುವೆಯಲ್ಲಿ ಗಂಡು ಹೆಣ್ಣಿನ ಮುಂದೆ ಪಾತ್ರೆಯನ್ನೋ ಪಂಚೆಯನ್ನೋ ಇಟ್ಟು ಹೆಸರು ಕೂಗಿಸಿದರೆ ಅದೂ ಮುಯ್ಯಿಯೇ, ಅದಕ್ಕೆ ಮುಯ್ಯಿ ಓದಿಸುವುದು ಎನ್ನುತ್ತಾರೆ. ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಇವರೂ ಹೋಗಿ ಓದಿಸಬೇಕು. ಇನ್ನೊಂದು ಮುಯ್ಯಿಯೂ ಇದೆ. ಕೆಡುಕು ಮಾಡಿದವನಿಗೆ ತಿರುಗಿಸಿ ಕೊಡುತ್ತಾರಲ್ಲ, ಅದನ್ನೂ ಮುಯ್ಯಿ ತೀರಿಸಿಕೊಳ್ಳುವುದು ಎಂದೇ ಕರೆಯುವುದು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ಮಾತು ಯಾಕಪ್ಪ ಎಂದು ಬೈರಮ್ಮ ತನ್ನ ಐವತ್ತು ವರ್ಷದ ಬಾಳಿನಲ್ಲಿ ಒಂದು ದಿನವೂ ಯೋಚಿಸಿದವಳಲ್ಲ. ಯೋಚಿಸುವ ಹಾಗೆ ಮಾಡಿದವನು ಕೆಂಪಣ್ಣ.

ಕೆಂಪಣ್ಣ ಅದೇ ಸಿದ್ದಲಿಂಗಮ್ಮನ ಮಗ. ಬೈರಮ್ಮ ಮದುವೆಯಾಗಿ ಬಂದಾಗ ಅವನು ಮೀಸೆ ಚಿಗುರುತ್ತಿದ್ದ ಹುಡುಗ. ಅವಳ ಗದ್ದೆಯ ಕೆಸರು ತುಳಿದವನು, ಅವಳ ಮನೆಯ ಜಗಲಿಯಲ್ಲಿ ಮುದ್ದೆ ಉಂಡವನು, ವರಸೆಯಲ್ಲಿ ಮೈದುನನಾದ್ದರಿಂದ ಬಾಯ್ತುಂಬ ಅತ್ತಿಗೆ ಅನ್ನುತ್ತಿದ್ದವನು. ಮೊದಲು ನಾಲೆ ರಿಪೇರಿ ಕಂಟ್ರಾಕ್ಟು ಹಿಡಿದ. ಆಮೇಲೆ ಸಾರಾಯಿ ಗುತ್ತಿಗೆ, ನಾಗಮಂಗಲದ ದಾರಿಯಲ್ಲಿ ಜಲ್ಲಿ ಕ್ರಷರು, ಕೃಷ್ಣರಾಜಪೇಟೆಯಲ್ಲಿ ರೈಸ್ ಮಿಲ್ಲು, ಮಿಲ್ಲಿನ ಪಕ್ಕಕ್ಕೆ ಮೂರು ಅಂತಸ್ತಿನ ಮನೆ. ತಾಯಿಯನ್ನು ಆ ಮನೆಗೆ ಕರೆದುಕೊಂಡು ಹೋದ. ತೊಂಬತ್ತೈದರ ಹೊತ್ತಿಗೆ ಊರ ನಾಲೆಯ ತಲೆಯ ಕಡೆ ಇಪ್ಪತ್ತು ಎಕರೆ ಗದ್ದೆ ಕೊಂಡು, ನಡುವೆ ತೋಟದ ಮನೆ ಕಟ್ಟಿಸಿ, ಸುತ್ತ ಆಳೆತ್ತರದ ಗೋಡೆ ಹಾಕಿ, ಗೋಡೆಯ ತಲೆಗೆ ಒಡೆದ ಗಾಜು ನೆಡಿಸಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅನ್ನುತ್ತಾರೆ. ಇವನು ಹಾಡಹಗಲಲ್ಲೇ ಹಿಡಿದ. ಆದರೂ ಊರಿನವರು ನಮ್ಮ ಕೆಂಪಣ್ಣ ಎಂದೇ ಅಂದುಕೊಂಡರು. ಬೈರಮ್ಮನಂತೂ ಸಂತೆಗೆ ಹೋದಾಗಲೆಲ್ಲ ಇದನ್ನು ಹೇಳಿಕೊಂಡು ಬರುತ್ತಿದ್ದಳು.

ತೊಂಬತ್ತೇಳರ ಆಷಾಢದಲ್ಲಿ ಒಂದು ಬೆಳಿಗ್ಗೆ ಅವನ ಕಾರು ಅವಳ ಮನೆಯ ಮುಂದೆ ಬಂದು ನಿಂತಿತು. ಬಿಳಿ ಪ್ಯಾಂಟಿನಲ್ಲೇ ಸಗಣಿ ಸಾರಿಸಿದ ಜಗಲಿಯ ಮೇಲೆ ಕುಳಿತ. ಚಾಪೆ ಹಾಸಲು ಹೋದರೆ "ಬ್ಯಾಡ ಬುಡತ್ಗೆ, ನಾನೇನ್ ಒಸಬ್ನಾ?" ಎಂದ. ಕೊಟ್ಟ ಮಜ್ಜಿಗೆ ಕುಡಿದ. ಆಮೇಲೆ ವಿಷಯಕ್ಕೆ ಬಂದ. ಮಗ ಲೋಕೇಶನಿಗೆ ಕೃಷ್ಣರಾಜಪೇಟೆಯ ದೊಡ್ಡ ಕುಳದ ಹೆಣ್ಣು ಗೊತ್ತಾಗಿದೆ. ಆಷಾಢ ಕಳೆದ ಕೂಡಲೇ ಬೀಗರು ತೋಟದ ಮನೆಗೆ ಬರುತ್ತಾರೆ. ಅಷ್ಟರಲ್ಲಿ ಇಪ್ಪತ್ತು ಎಕರೆಯೂ ಹಸಿರಾಗಿ ಕಾಣಬೇಕು. ಕೂಲಿಗೆ ಕರೆದರೆ ಜನ ಸಿಗುತ್ತಿಲ್ಲ, ಎಲ್ಲರ ಗದ್ದೆಗೂ ಒಟ್ಟಿಗೆ ನೀರು ಬಂದಿದೆ.

"ಕೂಲಿ ಮಾತು ಬ್ಯಾಡತ್ಗೆ. ಅಪ್ಪನ ಕಾಲ್ದಂಗೆ ಮುಯ್ಯಿಗೆ ಬನ್ನಿ. ಆರು ದಿನ. ಆಮ್ಯಾಕೆ ನಮ್ಮ ಎಲ್ಡು ಟ್ರಾಕ್ಟರು, ಇಪ್ಪತ್ತು ಆಳು ನಿಮ್ಮ ಗದ್ದೆಗಿಳಿದು ಎಲ್ಡೇ ದಿನಕ್ಕೆ ಕೆಸ್ರು ಮಾಡಿ ಕೊಡ್ತವೆ. ನೀವು ನಾಟಿ ಮಾಡ್ಕೊಳ್ಳೋದೊಂದೇ ಬಾಕಿ."

ನಾಲೆಯಲ್ಲಿ ನೀರು ಇರುತ್ತಿದ್ದುದು ಹತ್ತು ದಿನ. ಆಮೇಲೆ ಹದಿನೈದು ದಿನ ಕಟ್ಟುತ್ತಿದ್ದರು. ಊರಿನಲ್ಲಿ ಉಳಿದಿದ್ದ ಎತ್ತಿನ ಜೋಡಿ ಎಂಟು. ಅವುಗಳಿಂದ ಎಲ್ಲರ ಗದ್ದೆ ಉತ್ತು ಕೆಸರು ಮಾಡಲು ಹತ್ತು ದಿನವೂ ಬೇಕು. ಬೈರಮ್ಮ ಇದನ್ನೆಲ್ಲ ಬಲ್ಲವಳೇ. ಆದರೆ ಇಪ್ಪತ್ತು ಎಕರೆಯ ಸಾಹುಕಾರ ತನ್ನ ಜಗಲಿಯ ಮೇಲೆ ಕುಳಿತು, ಮುಯ್ಯಿ ಎಂಬ ಮಾತು ಆಡಿದ್ದು ಅವಳ ತಲೆ ತಿರುಗಿಸಿಬಿಟ್ಟಿತು. ಮುಯ್ಯಿ ಸರೀಕರ ನಡುವಿನ ಮಾತು. ಕೂಲಿ ಕೊಡುವವನು ಮೇಲೆ, ಇಸಿದುಕೊಳ್ಳುವವನು ಕೆಳಗೆ. ಮುಯ್ಯಿಯಲ್ಲಿ ಮೇಲೂ ಇಲ್ಲ ಕೆಳಗೂ ಇಲ್ಲ. ಇವನು ಇನ್ನೂ ನಮ್ಮ ಸಮಕ್ಕೇ ನಿಂತಿದ್ದಾನಲ್ಲ ಎಂದು ಹಿಗ್ಗಿದಳು. ಅವಳು ಮಾಡಿದ ಮೊದಲ ತಪ್ಪು ಇದು.

ಮನೆಮನೆಗೆ ಹೋಗಿ ಹೆಂಗಸರನ್ನು ಒಪ್ಪಿಸಿದಳು. ಎಲ್ಲರೂ ಅವಳ ಮಾತಿಗೆ ಹೂಂ ಅಂದರು. ಕೊಸರಾಡಿದವಳು ಕಾಲೋನಿಯ ಮಾದಮ್ಮ ಒಬ್ಬಳೇ. ಸರ್ಕಾರ ಕೊಟ್ಟ ಅರ್ಧ ಎಕರೆ ಅವಳದು, ಬೈರಮ್ಮನ ಗದ್ದೆಯ ಬದುವಿಗೇ ಅಂಟಿಕೊಂಡಿದೆ. ಇಬ್ಬರೂ ಹದಿನೈದು ವರ್ಷದಿಂದ ಮುಯ್ಯಾಳುಗಳು.

"ನಿನ್ನ ಮುಯ್ಯಿ ನಂಗೊತ್ತು ಕಣವ್ವ. ಸಾವ್ಕಾರ್ರ ಮುಯ್ಯಿ ಗೊತ್ತಿಲ್ಲ. ನಮ್ಮ ತಾತ್ನೂ ದೊಡ್ಡೋರ ಗದ್ದೆಗೆ ಇಂಗೇ ಓಗಿ ಓಗಿ ಸತ್ತ. ಅದ್ನ ಬಿಟ್ಟಿ ಅಂತಿದ್ರು" ಎಂದಳು ಮಾದಮ್ಮ.

"ಅಯ್ಯೋ ಬುಡು ಮಾದವ್ವ. ಸಿದ್ದಲಿಂಗತ್ತೆ ಮಗ ಅವ್ನು. ನನ್ನ ಮಾತಿನ ಮ್ಯಾಲೆ ಬಾ."

ಮಾದಮ್ಮ ಬಂದಳು. ಒಟ್ಟು ಮೂವತ್ತೆಂಟು ಹೆಂಗಸರು ಆರು ದಿನ ಆ ಗೋಡೆಯ ಒಳಗೆ ಬಗ್ಗಿದರು. ನೆಡುವ ಕೈಯಿಲ್ಲದೆ ಕೆಸರು ಮಾಡಿಟ್ಟರೆ ಕೂತುಬಿಡುತ್ತದೆ, ಹೇಗೂ ಟ್ರಾಕ್ಟರು ಬರುತ್ತದೆಂದು ಊರಿನ ಎತ್ತುಗಳೂ ಕಟ್ಟಿದಲ್ಲೇ ಇದ್ದವು. ಮಧ್ಯಾಹ್ನದ ಊಟಕ್ಕೆ ತೋಟದ ಮನೆಯ ಕಡೆಯಿಂದ ಚಿತ್ರಾನ್ನ ಬರುತ್ತಿತ್ತು. ಬಡಿಸುವವನು ಮಾದಮ್ಮನನ್ನೂ ಅವಳ ಕೇರಿಯ ಆರು ಜನರನ್ನೂ ಬೇರೆ ಬದುವಿನ ಮೇಲೆ ಕೂರಿಸಿ, ಎತ್ತರದಿಂದ ಎಲೆಗೆ ಹಾಕುತ್ತಿದ್ದ. ಬೈರಮ್ಮ ಅದನ್ನು ಕಂಡಳು, ಕಂಡು ತನ್ನ ಎಲೆಯ ಅನ್ನ ಕಲಸಿಕೊಂಡಳು. ಇದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಆಮೇಲೆ ಅವಳೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ, "ಅವತ್ತೇ ನಾನು ಎದ್ದಿದ್ರೆ ಮುಂದಿಂದೆಲ್ಲಾ ಆಯ್ತಿರ್ನಿಲ್ಲ" ಎಂದು.

ಏಳನೆಯ ದಿನ ಬೆಳಗಾಗುತ್ತಲೇ ಅವಳು ಗದ್ದೆಯ ಬದುವಿನ ಮೇಲೆ ನಿಂತು ಟ್ರಾಕ್ಟರಿಗೆ ಕಾದಳು. ಬರಲಿಲ್ಲ. ತೋಟದ ಮನೆಯ ಗೇಟಿಗೆ ಹೋದರೆ ಕಾವಲಿನವನು "ಯಜಮಾನ್ರು ಇಲ್ಲ, ಆಚೆ ನಿಲ್ಲಿ" ಎಂದ. ಎಂಟನೆಯ ದಿನ ಎರಡು ಟ್ರಾಕ್ಟರುಗಳೂ ಅವಳ ಮುಂದೆಯೇ ಹೋದವು, ತುಂಬ ಜಲ್ಲಿ ಹೇರಿಕೊಂಡು. ರಸ್ತೆಯಿಂದ ತೋಟದ ಮನೆಯವರೆಗೆ ದಾರಿ ಮಾಡುತ್ತಿದ್ದಾರೆ, ಇಪ್ಪತ್ತು ಆಳೂ ಅಲ್ಲೇ ಇದ್ದಾರೆ ಎಂದು ಡ್ರೈವರ್ ಕೂಗಿ ಹೇಳಿದ. ಇತ್ತ ಎಂಟು ಜೋಡಿ ಎತ್ತುಗಳನ್ನು ಬಾಯಲ್ಲಿ ನೊರೆ ಬರುವ ಹಾಗೆ ಹೊಡೆದು ಊರಿನವರು ಸಿಕ್ಕಷ್ಟು ಗದ್ದೆ ಕೆಸರು ಮಾಡಿಕೊಳ್ಳುತ್ತಿದ್ದರು. ತನ್ನ ಮಾತು ನಂಬಿ ಕೆಟ್ಟವರದು ಮೊದಲು ಆಗಲಿ ಎಂದು ಬೈರಮ್ಮ ತನ್ನ ಒಂದೂವರೆ ಎಕರೆಯನ್ನು ಕೊನೆಗೆ ಇಟ್ಟಳು. ಮಾದಮ್ಮನ ಗದ್ದೆ ನಾಲೆಯ ಬಾಲದಲ್ಲಿದ್ದದ್ದರಿಂದ ಅದೂ ಕೊನೆಗೇ ಉಳಿಯಿತು.

ಒಂಬತ್ತನೆಯ ದಿನ ಕೆಂಪಣ್ಣನ ಕಾರು ದಾರಿಯಲ್ಲಿ ಸಿಕ್ಕಿತು. ಅವಳು ನಡುದಾರಿಯಲ್ಲೇ ನಿಂತಳು. ಗಾಜು ಅರ್ಧ ಇಳಿಯಿತು.

"ಏನತ್ಗೆ, ಇಂಗೆ ಅಡ್ಡ ನಿಂತಿದ್ದೀಯ?"

"ಟ್ರಾಕ್ಟರು ಯಾವಾಗ ಬತ್ತದೆ ಕೆಂಪಣ್ಣ? ನಾಳಿಕೆ ಸಂಜೆಗೆ ನೀರು ಕಟ್ತಾರೆ."

"ಅಯ್ಯೋ, ದಾರಿ ಕೆಲ್ಸ ಮುಗುದಿಲ್ಲ. ಬೀಗ್ರ ಕಾರು ಕೆಸ್ರಲ್ಲಿ ಊತ್ಕೊಂಡ್ರೆ ನಮ್ಮ ಮರ್ವಾದೆ ಏನಾಗ್ಬೇಕು ಏಳು?"

"ನಮ್ಮ ಪೈರು?"

"ಅದ್ಕೇನು? ಎಲ್ರೂ ಬಂದು ಲೆಕ್ಕದ ರೈಟ್ರತಾವ ಕೂಲಿ ಇಸ್ಕೊಂಡೋಗಿ."

"ನಾವು ಕೂಲಿಗೆ ಬಂದಿರ್ನಿಲ್ಲ. ಮುಯ್ಯಿಗೆ ಬಂದಿದ್ವಿ. ಇವತ್ತು ದುಡ್ಡು ಕೊಟ್ರೆ ದುಡ್ಡು ಬಂದು ಗದ್ದೆ ಉಳ್ತದಾ? ಸುತ್ತಲ ಊರಲ್ಲಿ ಒಂದು ಎತ್ತು ಬುಡುವಿಲ್ಲ, ಒಂದು ಆಳು ಬುಡುವಿಲ್ಲ."

ಕೆಂಪಣ್ಣ ನಕ್ಕ. ಕೆಟ್ಟ ನಗೆಯೇನಲ್ಲ, ಮಕ್ಕಳ ಮಾತು ಕೇಳಿ ನಗುತ್ತಾರಲ್ಲ ಹಾಗೆ. "ಮುಯ್ಯಿ ಗಿಯ್ಯಿ ಎಲ್ಲಾ ಅಪ್ಪನ ಕಾಲ್ಕೇ ಓಯ್ತು ಬುಡತ್ಗೆ. ಈಗ ನಾನು ಬಂದು ನಿನ್ನ ಗದ್ದೆ ಕೆಸ್ರು ತುಳೀಲಾ?" ಗಾಜು ಮೇಲೆ ಹೋಯಿತು, ಕಾರು ಅವಳನ್ನು ಬಳಸಿಕೊಂಡು ಹೋಯಿತು.

ಬೈದಿದ್ದರೆ ಬೈರಮ್ಮನೂ ಎರಡು ಬೈದು ಸುಮ್ಮನಾಗುತ್ತಿದ್ದಳೋ ಏನೋ. ಆ ನಗೆ ಅವಳ ಹೊಟ್ಟೆಯಲ್ಲಿ ಬೆಂಕಿ ಹಾಕಿತು. ಮುಯ್ಯಿ ಅಪ್ಪನ ಕಾಲಕ್ಕೇ ಹೋಗಿದ್ದರೆ ಆ ಮಾತನ್ನು ಜಗಲಿಗೆ ಹೊತ್ತು ತಂದವನು ಯಾರು? ಕೆಲಸ ಆಗುವವರೆಗೆ ಅಪ್ಪನ ಕಾಲ, ಆದ ಮೇಲೆ ಮಗನ ಕಾಲ! ಮೂವತ್ತೆಂಟು ಜನರ ಬೆನ್ನು, ಆರು ದಿನದ ನೀರು, ಅವಳ ನಾಲಗೆಯ ಬೆಲೆ ಎಲ್ಲವನ್ನೂ ಅವನು ಒಂದು ಲೋಟ ಮಜ್ಜಿಗೆ ಕುಡಿದು ಕೊಂಡುಕೊಂಡಿದ್ದ. ಮಜ್ಜಿಗೆಯೂ ಅವಳದೇ.

ಹತ್ತನೆಯ ದಿನ ಸಂಜೆ ನಾಲೆ ನಿಂತಿತು. ಐದು ಮನೆಯವರ ಗದ್ದೆ ಬೀಳು ಉಳಿಯಿತು. ಅದರಲ್ಲಿ ಬೈರಮ್ಮನದು ಒಂದು, ಮಾದಮ್ಮನದು ಒಂದು. ಒಟ್ಟಲಿನಲ್ಲಿ, ಅಂದರೆ ಸಸಿ ಮಡಿಯಲ್ಲಿ, ಪೈರು ಮಾತ್ರ ಯಾರ ಮಾತೂ ಕೇಳದೆ ಬೆಳೆಯುತ್ತಿತ್ತು. ತಿಂಗಳು ಕಳೆದ ಪೈರಿಗೆ ಗೆಣ್ಣು ಬರುತ್ತದೆ. ಗೆಣ್ಣು ಬಂದದ್ದನ್ನು ನೆಟ್ಟರೆ ಬುಡದಿಂದ ಮರಿ ಪೈರು, ಅಂದರೆ ತೆಂಡೆ, ಒಡೆಯುವುದಿಲ್ಲ, ತೆಂಡೆ ಇಲ್ಲದಿದ್ದರೆ ತೆನೆ ಇಲ್ಲ. ಬೈರಮ್ಮ ದಿನಾ ಬೆಳಿಗ್ಗೆ ಹೋಗಿ ಒಂದು ಸಸಿ ಕಿತ್ತು ಬೆರಳಲ್ಲಿ ಸವರಿ ನೋಡುತ್ತಿದ್ದಳು. ಹಿತ್ತಲ ಬಾವಿಯಿಂದ ನೀರು ಹೊತ್ತು ಚಿಮುಕಿಸಿ ಒಟ್ಟಲನ್ನೇನೋ ಉಳಿಸಿಕೊಂಡಳು, ಪೈರಿನ ವಯಸ್ಸನ್ನು ನಿಲ್ಲಿಸಲಾಗಲಿಲ್ಲ. ಮಾದಮ್ಮ ಜಗಳಕ್ಕೆ ಬಂದಿದ್ದರೆ ಬೈರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅವತ್ತು ನೀನು ಬಿಟ್ಟಿ ಅಂದೆ, ನಾನು ಕಿವಿ ಮ್ಯಾಲೆ ಆಕ್ಕೊಳ್ನಿಲ್ಲ" ಎಂದು ಕೊನೆಗೆ ಬೈರಮ್ಮನೇ ಬಾಯಿಬಿಟ್ಟಳು.

"ನಿಮ್ಗೆ ಇದು ಒಸದು ಕಣವ್ವ, ಅದ್ಕೇ ಉರೀತದೆ" ಎಂದಳು ಮಾದಮ್ಮ.

ಆಷಾಢ ಕಳೆದು ಬೀಗರು ಬಂದರು. ಆರು ಕಾರು ಹೊಸ ಜಲ್ಲಿ ದಾರಿಯ ಮೇಲೆ ಸಾಲಾಗಿ ಹೋದವು. ನಾಲೆ ನಿಂತರೂ ಕೆಂಪಣ್ಣನ ಗದ್ದೆ ಬೋರ್‌ವೆಲ್ ನೀರು ಕುಡಿದು ಹಸಿರಾಗಿ ನಿಂತಿತ್ತು. ರೇಷ್ಮೆ ಸೀರೆಯ ಹೆಂಗಸರು ಗೇಟಿನ ಹತ್ತಿರ ಇಳಿದು ಸೀನರಿ ಚೆನ್ನಾಗಿದೆ, ಸೀನರಿ ಚೆನ್ನಾಗಿದೆ ಎಂದು ಗದ್ದೆಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಂಡರು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಬೈರಮ್ಮ ಫೋಟೋಕ್ಕೆ ಅಡ್ಡ ಬಂದಳೆಂದು ಕಾವಲಿನವನು ಅವಳನ್ನು ಪಕ್ಕಕ್ಕೆ ಸರಿಸಿದ. ಆ ಸೀನರಿಯ ಒಂದೊಂದು ಬುಡವನ್ನೂ ನೆಟ್ಟ ಕೈ ಅವಳದು.

ಎರಡು ದಿನ ಕಳೆದು ಮನೆಮನೆಗೂ ಲಗ್ನಪತ್ರಿಕೆ ಬಂತು. ಕೊಡಲು ಕೆಂಪಣ್ಣ ಬರಲಿಲ್ಲ, ಡ್ರೈವರ್ ಬಂದ. ಚಿನ್ನದ ಬಣ್ಣದ ಅಕ್ಷರ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ದಪ್ಪ ಕಾಗದ. ಮಂಚಯ್ಯ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದ. ಕೊನೆಯ ಸಾಲು ಹೀಗಿತ್ತು: "ಉಡುಗೊರೆ ಸ್ವೀಕರಿಸುವುದಿಲ್ಲ. ನಿಮ್ಮ ಆಶೀರ್ವಾದವೇ ಉಡುಗೊರೆ."

"ನೋಡ್ದಾ? ಏನೇ ಆಗ್ಲಿ, ದೊಡ್ಡ ಮನ್ಸು. ಬಡವ್ರ ಕೈಲಿ ಮುಯ್ಯಿ ಇಸ್ಕೊಳ್ಳಾಕಿಲ್ವಂತೆ" ಎಂದ ಮಂಚಯ್ಯ. ಅವನು ಎತ್ತಿನಂಥ ಮನುಷ್ಯ, ಹೊಡೆದವನನ್ನೂ ನೆಕ್ಕುವ ಜಾತಿ.

ಬೈರಮ್ಮ ಪತ್ರಿಕೆ ಕಿತ್ತುಕೊಂಡಳು. ಅವಳಿಗೆ ಓದು ಬಾರದು, ಆ ಸಾಲು ಯಾವುದೆಂದು ಕೇಳಿ ಬೆರಳಿಟ್ಟು ನೋಡಿದಳು. "ದೊಡ್ಡ ಮನ್ಸಲ್ಲ ಕಣಪ್ಪೋ. ಇಸ್ಕೊಂಡ್ರೆ ತಿರುಗಿಸ್ಬೇಕಲ್ಲ! ನಾಳಿಕೆ ನಮ್ಮ ಮನೆ ಮದ್ವೆಗೆ ಬರ್ಬೇಕು, ನಮ್ಮ ಚಪ್ಪರ್ದಲ್ಲಿ ಕೂರ್ಬೇಕು, ನಮ್ಮ ಎಲೇಲಿ ಉಣ್ಬೇಕು. ಅದು ಬ್ಯಾಡ ಅಂತ ಚಿನ್ನದ ಅಕ್ಸರದಲ್ಲಿ ಬರ್ಸವ್ನೆ. ಗದ್ದೇಲಿ ಮುಯ್ಯಿ ಬೇಕು, ಮದ್ವೇಲಿ ಬ್ಯಾಡ!"

"ಬಡವನ ಕೋಪ ದವಡೆಗೆ ಮೂಲ ಕಣೆ."

"ದವಡೆ ನಂದು, ಓಗ್ಲಿ ಬುಡು."

ಶ್ರಾವಣದ ಎರಡನೆಯ ವಾರ ಮದುವೆ. ಮಾರನೆಯ ದಿನವೇ ನಾಲೆಗೆ ಮತ್ತೆ ನೀರು ಬಿಡುವ ಸರದಿ. ಮುಂಜಾನೆ ಬೈರಮ್ಮ ಒಟ್ಟಲಿಗೆ ಹೋಗಿ ಒಂದು ಕಂತೆ ಪೈರು ಕಿತ್ತಳು. ಮೊಣಕಾಲುದ್ದ ಬೆಳೆದು ಗೆಣ್ಣು ಬಂದು ತುದಿ ಹಳದಿಯಾಗಿದ್ದ ಪೈರು. ಬೇರಿನ ಮಣ್ಣು ತೊಳೆಯಲಿಲ್ಲ. ಬಾಳೆ ನಾರಿನಿಂದ ಕಟ್ಟಿ, ವೈರ್ ಬ್ಯಾಗಿನಲ್ಲಿಟ್ಟು, ಮೇಲೆ ಟವೆಲ್ ಮುಚ್ಚಿದಳು. ಊರಿನವರನ್ನು ಕರೆದೊಯ್ಯಲು ಕೆಂಪಣ್ಣ ಕಳಿಸಿದ್ದು ಕ್ರಷರಿನ ಲಾರಿ. ಜಲ್ಲಿ ಪುಡಿಯ ಮೇಲೆ ಕೂತು ಮದುವೆ ಸೀರೆಯೆಲ್ಲ ಬೂದಿ ಬಣ್ಣವಾಗಿ ಮೂವತ್ತೆಂಟು ಹೆಂಗಸರೂ ಕೃಷ್ಣರಾಜಪೇಟೆಗೆ ಹೋದರು. ಬ್ಯಾಗಿನಲ್ಲಿ ಏನಿದೆಯೆಂದು ಗೊತ್ತಿದ್ದವಳು ಪಕ್ಕದಲ್ಲಿ ಕುಳಿತ ಮಾದಮ್ಮ ಒಬ್ಬಳೇ.

ಕಲ್ಯಾಣ ಮಂಟಪದ ಮುಂದೆ ಕಾರುಗಳ ಜಾತ್ರೆ. ಬಂದವರನ್ನು ಬಾಗಿಲಲ್ಲೇ ಬೇರೆ ಮಾಡುತ್ತಿದ್ದರು. ಕಾರಿನವರು ಮುಂದಿನ ಮೆತ್ತೆ ಕುರ್ಚಿಗೆ, ಲಾರಿಯವರು ಹಿಂದಿನ ಕಬ್ಬಿಣದ ಕುರ್ಚಿಗೆ. ಊಟವೂ ಎರಡು. ಮಹಡಿಯಲ್ಲಿ ಬಫೆ, ಕೆಳಗೆ ಎಲೆ ಊಟ. ಮೇಲಿನವರದು ಮುಗಿಯುವವರೆಗೆ ಕೆಳಗಿನ ಬಾಗಿಲು ತೆಗೆಯುವುದಿಲ್ಲವೆಂದು ಅಡಿಗೆಯವರ ಮೇಸ್ತ್ರಿ ಬಂದು ಹೇಳಿಹೋದ. ವೇದಿಕೆಯ ಪಕ್ಕದಲ್ಲಿ ಒಬ್ಬ ಮೈಕು ಹಿಡಿದು, ಬಂದ ದೊಡ್ಡವರ ಹೆಸರನ್ನೆಲ್ಲ ಬಿರುದು ಸೇರಿಸಿ ಕೂಗುತ್ತಿದ್ದ. ಲಾರಿಯಲ್ಲಿ ಬಂದವರ ಹೆಸರು ಅವನ ಪಟ್ಟಿಯಲ್ಲಿ ಇರಲಿಲ್ಲ.

ಧಾರೆ ಮುಗಿಯಿತು. ಅಕ್ಷತೆ ಹಾಕಲು ಸಾಲು ನಿಂತಾಗ ಬೈರಮ್ಮನೂ ನಿಂತಳು. ಮದುಮಕ್ಕಳ ತಲೆಗೆ ಅಕ್ಷತೆ ಹಾಕಿ, "ನೂರ್ಕಾಲ ಚೆಂದಾಗ್ ಬಾಳ್ರಪ್ಪ" ಎಂದು ಮನಸಾರೆ ಹರಸಿದಳು. ಆ ಎಳೆಯರ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ. ಆಮೇಲೆ ಪಕ್ಕದಲ್ಲಿ ಜರಿ ಪೇಟ ಸುತ್ತಿ ನಿಂತಿದ್ದ ಕೆಂಪಣ್ಣನ ಕಡೆ ತಿರುಗಿದಳು. ಟವೆಲ್ ಸರಿಸಿ ಪೈರಿನ ಕಂತೆ ಎತ್ತಿ ಹಿಡಿದಳು. ಬೇರಿನ ಮಣ್ಣು ವೇದಿಕೆಯ ಕೆಂಪು ರತ್ನಗಂಬಳಿಯ ಮೇಲೆ ಉದುರಿತು.

"ಮುಯ್ಯಿ ಓದುಸ್ಬೇಕು ಕೆಂಪಣ್ಣ. ಮೈಕ್ನೋನ್ಗೆ ಏಳು, ಕೂಗ್ಲಿ."

"ಅತ್ಗೆ, ಇದೇನಿದು? ಉಡುಗೊರೆ ಬ್ಯಾಡ ಅಂತ ಪತ್ರಿಕೇಲಿ ಆಕ್ಸಿವ್ನಲ್ಲ" ಎಂದ ಕೆಂಪಣ್ಣ, ಹಲ್ಲು ಕಾಣಿಸುತ್ತ, ದನಿ ತಗ್ಗಿಸಿ.

ಬೈರಮ್ಮ ದನಿ ತಗ್ಗಿಸಲಿಲ್ಲ. ಗದ್ದೆಯ ಈ ತುದಿಯಿಂದ ಆ ತುದಿಗೆ ಕೂಗಿ ಅಭ್ಯಾಸವಿದ್ದ ಗಂಟಲು, ಅವಳಿಗೆ ಮೈಕು ಬೇಕಿರಲಿಲ್ಲ. "ಬ್ಯಾಡ ಅನ್ನಾಕೆ ಇದು ಒಸದಲ್ಲ, ಆಗ್ಲೇ ಇಸ್ಕೊಂಡಿದ್ದೀಯ. ಮೂವತ್ತೆಂಟು ಎಂಗಸ್ರು, ಆರು ದಿನ. ನಿನ್ನ ಬೀಗ್ರು ಫೋಟಾ ಇಡ್ಸಿಕೊಂಡ್ರಲ್ಲ, ಆ ಗದ್ದೆ ನಮ್ಮ ಮುಯ್ಯಿ. ಇದು ಅದೇ ಮುಯ್ಯಿ ಪೈರು, ನೀನು ತಿರುಗಿಸ್ದೆ ಇದ್ದಿದ್ಕೆ ಒಟ್ಲಲ್ಲೇ ಮುದ್ಕಿ ಆಗೋಗಿರೋದು. ತಿರುಗಿಸ್ತೀನಿ ಅನ್ನು, ಇಲ್ಲಾ ತಿರುಗ್ಸಾಕಿಲ್ಲ ಅನ್ನು. ಎಲ್ಡ್ರಲ್ಲೊಂದು ಈ ಜನದ್ಮುಂದೆ ಅನ್ನು."

ಮೆತ್ತೆ ಕುರ್ಚಿಯವರು ಕತ್ತೆತ್ತಿದರು. ವಾಲಗದವರು ನಿಲ್ಲಿಸಿದರು. ಕೆಂಪಣ್ಣ ಜೇಬಿಗೆ ಕೈ ಹಾಕಿ ನೋಟು ತೆಗೆದು, ಹುಚ್ಚಿಯನ್ನು ಸಾಗಹಾಕುವವನ ಹಾಗೆ ಅವಳ ಬ್ಯಾಗಿನೊಳಗೆ ತುರುಕಲು ಬಂದ. ಅವಳು ಬ್ಯಾಗು ಹಿಂದಕ್ಕೆಳೆದುಕೊಂಡಳು. ನೋಟು ಕೆಳಗೆ ಬಿತ್ತು, ಯಾರೂ ಬಗ್ಗಲಿಲ್ಲ. "ಯಾರ್ಲಾ ಅಲ್ಲಿ, ಇವ್ಳ್ನ ಕೆಳಕ್ಕೆ ಇಳ್ಸ್ರೋ" ಎಂದು ಕೆಂಪಣ್ಣನ ನಿಜವಾದ ದನಿ ಹೊರಗೆ ಬಂತು. ಅತ್ತಿಗೆ ಎಂಬ ಮಾತು ಅಲ್ಲಿಗೆ ಸತ್ತಿತು.

"ಮುಟ್ಟಬ್ಯಾಡ್ರಿ ಅವ್ಳ್ನ."

ವೇದಿಕೆಯ ಮೂಲೆಯಲ್ಲಿ, ಒಂದು ದೊಡ್ಡ ಕುರ್ಚಿಯಲ್ಲಿ, ಮೈಮೇಲೆ ಹೇರಿದ ಒಡವೆಯ ಭಾರಕ್ಕೆ ಬಗ್ಗಿ ಕುಳಿತಿದ್ದ ಸಿದ್ದಲಿಂಗಮ್ಮ ಕೋಲೂರಿಕೊಂಡು ಎದ್ದಳು. ಎಪ್ಪತ್ತೈದು ದಾಟಿದ ಮುದುಕಿ. ಬಂದು ಬೈರಮ್ಮನ ಕೈಯ ಕಂತೆಯಿಂದ ಒಂದು ಎಳೆ ಕಿತ್ತು, ಉಗುರಿನಿಂದ ಗೆಣ್ಣು ಸವರಿದಳು. ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಐವತ್ತು ದಿನದ್ದು" ಎಂದಳು. ಮಗನ ಮುಖ ನೋಡಲಿಲ್ಲ. ರೇಷ್ಮೆ ಸೀರೆಯ ಸೆರಗನ್ನು ಎರಡು ಕೈಯಲ್ಲಿ ಒಡ್ಡಿದಳು. "ಆಕವ್ವ. ಮುಯ್ಯಿ ನಾನು ಇಸ್ಕೊಂಡಿವ್ನಿ."

ಬೈರಮ್ಮ ಕಂತೆಯನ್ನು ಆ ಸೆರಗಿಗೆ ಇಟ್ಟಳು. ಕೆಸರು ಜರಿಗೆ ಇಳಿಯಿತು. ಆಮೇಲೆ ಅವಳು ವೇದಿಕೆ ಇಳಿದು ಹಿಂದಿನ ಕುರ್ಚಿಗಳ ಹತ್ತಿರ ಬಂದು, "ಏಳ್ರವ್ವ, ಓಗಾನ" ಎಂದಳು. ಮೊದಲು ಎದ್ದವಳು ಮಾದಮ್ಮ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ನಮ್ಮ ಕಡೆ ಮದುವೆಯ ಮನೆಯಿಂದ ಉಣ್ಣದೆ ಎದ್ದು ಹೋಗುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಮೂವತ್ತೆಂಟು ಹೆಂಗಸರು ಮಹಡಿಯ ತುಪ್ಪದ ಘಮಲಿನ ಕೆಳಗೇ ಹಾದು, ಹಸಿದ ಹೊಟ್ಟೆಯಲ್ಲಿ ಬಸ್ ಸ್ಟ್ಯಾಂಡಿಗೆ ನಡೆದರು. ಲಾರಿಯನ್ನು ಯಾರೂ ತಿರುಗಿ ನೋಡಲಿಲ್ಲ.

ಮಾರನೆಯ ದಿನ ನಾಲೆಗೆ ನೀರು ಬಂತು. ಊರಿನ ಎಂಟು ಜೋಡಿ ಎತ್ತೂ ಐದು ಮನೆಯವರ ಗದ್ದೆಗೇ ಇಳಿದವು. ತೆಂಡೆ ಒಡೆಯುವುದಿಲ್ಲವೆಂದು ಗೊತ್ತಿದ್ದೂ ಬೈರಮ್ಮ ಪೈರಿನ ತುದಿ ಚಿವುಟಿಸಿ, ಬುಡಕ್ಕೆ ಎಂಟೆಂಟು ಎಳೆ ಇಟ್ಟು ಒತ್ತಾಗಿ ನೆಡಿಸುತ್ತಿದ್ದಳು. ಅರ್ಧ ಬೆಳೆಯಾದರೂ ಬರಲಿ ಎಂಬ ಆಸೆ. ಹೊತ್ತೇರುವ ವೇಳೆಗೆ ಕಿರಂಗೂರಿನ ಕಡೆಯಿಂದ ಬಂದ ಆಟೋ ಬದುವಿನ ಪಕ್ಕ ನಿಂತಿತು. ಸಿದ್ದಲಿಂಗಮ್ಮ ಇಳಿದಳು. ಮೈಮೇಲೆ ಒಡವೆಯಿಲ್ಲ, ಹಳೆಯ ನೂಲಿನ ಸೀರೆ. ಕಂಕುಳಲ್ಲಿ ಅದೇ ಕಂತೆ. ಯಾರನ್ನೂ ಕೇಳದೆ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದು, ಬೈರಮ್ಮನ ಪಕ್ಕದಲ್ಲಿ ಸಾಲು ಹಿಡಿದಳು. ಕೈ ನಿಧಾನ, ಆದರೆ ಒಂದು ಎಳೆಯೂ ಓರೆಯಾಗಲಿಲ್ಲ.

ಒಂದು ಗಂಟೆಯೊಳಗೆ ಕಾರೂ ಬಂತು. ಕೆಂಪಣ್ಣ ಬದುವಿನ ತನಕ ಬಂದ, ಬೂಟಿನ ಕಾಲು ಮುಂದಕ್ಕಿಡಲಿಲ್ಲ. "ಅವ್ವಾ, ಏಳು ಮ್ಯಾಕೆ. ಮನೆ ತುಂಬ ಬೀಗ್ರವ್ರೆ, ನನ್ನ ಮಾನ ಕಳೀಬ್ಯಾಡ." ಮುದುಕಿ ಕೇಳಿಸದವಳಂತೆ ಇನ್ನೊಂದು ಬುಡ ನೆಟ್ಟಳು. ಸಾಲಿನ ಹೆಂಗಸರು ಬಗ್ಗಿಸಿದ ಬೆನ್ನು ಎತ್ತಲಿಲ್ಲ. ಅವನ ಪಕ್ಕಕ್ಕೇ ಕಂತೆಗಳ ರಾಶಿಯಿತ್ತು. ಬಗ್ಗಿ ಒಂದು ಎತ್ತಿ ಗದ್ದೆಗೆ ಎಸೆದಿದ್ದರೂ ಸಾಕಿತ್ತು. ಅವನು ಮೂಗಿಗೆ ಕರ್ಚೀಫು ಹಿಡಿದುಕೊಂಡ.

ಅದನ್ನು ನೋಡಿದ ಬೈರಮ್ಮನಿಗೆ ನಿನ್ನೆಗಿಂತ ಹೆಚ್ಚು ಸಿಟ್ಟು ಬಂತು. ಹೆತ್ತ ತಾಯಿ ಕೆಸರಿನಲ್ಲಿ ಬಗ್ಗಿ ಮಗನ ಸಾಲ ತೀರಿಸುತ್ತಿದ್ದರೂ ಬೂಟು ಕಳಚದವನು ಇನ್ಯಾರಿಗೆ ಏನು ತಿರುಗಿಸಿಯಾನು? ಅವಳು ನೆಟ್ಟಗೆ ನಿಂತು, ಮುದುಕಿಯ ಕೈ ಹಿಡಿದು, ಬದುವಿನವರೆಗೂ ಕೇಳುವ ಹಾಗೆ ಹೇಳಿದಳು:

"ಅತ್ತೆ, ನಿನ್ನ ಮುಯ್ಯಿ ತೀರ್ತು. ನೀನು ನಂಗೆ ನಾಟಿ ಕಲ್ಸಿದ ದಿನಾನೇ ತೀರಿತ್ತು. ನಿನ್ನ ಮಗಂದು ತೀರ್ನಿಲ್ಲ. ಅದು ನೀನು ತೀರ್ಸೋದಲ್ಲ."

ಕೆಂಪಣ್ಣ ಕಾರಿನ ಕಡೆ ತಿರುಗಿದ. ಸಿದ್ದಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಮಾದಮ್ಮ ಚಾಚಿದ ಪೈರು ಇಸಿದುಕೊಂಡು ಮತ್ತೆ ಬಗ್ಗಿದಳು.